ಸಸ್ಯಜನ್ಯ ಪ್ರೋಟೀನಿನ ಮಾರುಕಟ್ಟೆಯೂ ನಮ್ಮ ಹುರುಳಿ, ಅವರೆಗಳೂ

ಕಳೆದ ಕೆಲವು ವರ್ಷಗಳಲ್ಲಿ ಭಾರತದ ಆಹಾರ ಮಾರುಕಟ್ಟೆಯಲ್ಲಿ ಪ್ರೋಟೀನಿಗೆ ಬಂದಷ್ಟು ಬೇಡಿಕೆ ಬೇರೆ ಯಾವ ಪೋಷಕಾಂಶಕ್ಕೂ ಬಂದಂತಿಲ್ಲ. ಮೈಸೂರಿನ ಯಾವುದೇ ದೊಡ್ಡ ಅಂಗಡಿಗೆ ಹೋದರೂ ಬಿಸ್ಕತ್ತು, ಬ್ರೆಡ್ಡು, ಚಪಾತಿ ಹಿಟ್ಟು, ಕುರುಕಲು ತಿಂಡಿ ಹೀಗೆ ಎಲ್ಲದರ ಪೊಟ್ಟಣದ ಮೇಲೂ ಇಷ್ಟು ಗ್ರಾಂ ಪ್ರೋಟೀನ್ ಎಂಬ ದಪ್ಪಕ್ಷರಗಳು ಎದುರಾಗುತ್ತವೆ. ಇವುಗಳಲ್ಲಿ ಹಾಲಿನಿಂದ ಬಂದ ಪ್ರೋಟೀನೂ ಉಂಟು, ಕಾಳಿನಿಂದ ಬಂದದ್ದೂ ಉಂಟು. ನಾನು ಇಲ್ಲಿ ಬರೆಯುತ್ತಿರುವುದು ಕಾಳಿನದರ ಬಗ್ಗೆ. ರಾಗಿಯನ್ನೂ ಕಾಳುಗಳನ್ನೂ ಮೊಳಕೆ ಬರಿಸಿ, ಹುರಿದು, ಹಿಟ್ಟು ಮಾಡಿ ಮಾರುವ ಸಣ್ಣ ಘಟಕವೊಂದನ್ನು ಮೈಸೂರಿನಲ್ಲಿ ನಡೆಸುತ್ತಿರುವ ನನಗೆ ಈ ಮಾರುಕಟ್ಟೆಯ ಏರಿಳಿತ ದಿನನಿತ್ಯದ ವಿಚಾರ. ಈ ಬೆಳವಣಿಗೆ ನಿಜ, ಅದು ಸ್ವಾಗತಾರ್ಹವೂ ಹೌದು. ಆದರೆ ಅದು ನಮ್ಮ ಸೀಮೆಯ ಹೊಲಗಳನ್ನು ಬಳಸಿಕೊಂಡು ಬೆಳೆಯುತ್ತದೆಯೋ, ಹೊರದೇಶದ ಬಟಾಣಿಯನ್ನು ತರಿಸಿಕೊಂಡು ಬೆಳೆಯುತ್ತದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮೊದಲನೆಯದು ಆಗಬೇಕೆಂಬುದು ನನ್ನ ಆಸೆ, ಅದು ಆಗಬಲ್ಲದು ಎಂಬ ನಂಬಿಕೆಯೂ ನನಗಿದೆ.

ಭಾರತೀಯರಿಗೆ ಪ್ರೋಟೀನ್ ತೀರಾ ಕಡಿಮೆಯಾಗಿದೆ ಎಂದು ಜಾಹೀರಾತುಗಳು ಹೇಳುವುದನ್ನು ಮೊದಲು ಒರೆಗೆ ಹಚ್ಚಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ಸರಾಸರಿ ಸೇವನೆ ಹಳ್ಳಿಗಳಲ್ಲಿ ಸುಮಾರು 62 ಗ್ರಾಂ, ನಗರಗಳಲ್ಲಿ ಸುಮಾರು 63 ಗ್ರಾಂ ಇದೆ. ಸರಾಸರಿಯ ಹಿಂದೆ ಬಡವರ ತಟ್ಟೆ ಮರೆಯಾಗುತ್ತದೆ ಎಂಬುದು ನಿಜವಾದರೂ, ಇಡೀ ದೇಶವೇ ಪ್ರೋಟೀನ್ ಬರಗಾಲದಲ್ಲಿದೆ ಎಂಬ ಮಾತಿಗೆ ಈ ಅಂಕಿಗಳು ಒತ್ತು ಕೊಡುವುದಿಲ್ಲ. ತೊಂದರೆ ಇರುವುದು ಬೇರೆಡೆ. ಹಳ್ಳಿಗಳಲ್ಲಿ ಈ ಪ್ರೋಟೀನಿನ ಅರ್ಧದ ಸಮೀಪ ಪಾಲು ಅಕ್ಕಿ, ಗೋಧಿ, ರಾಗಿಯಂಥ ಏಕದಳ ಧಾನ್ಯಗಳಿಂದಲೇ ಬರುತ್ತಿದೆ. ನಗರದಲ್ಲಿ ಆ ಪಾಲು ಶೇ. 39ರಷ್ಟಿದೆ. ಏಕದಳ ಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳಲ್ಲೊಂದು, ಕಡಿಮೆ. ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಆ ಕೊರತೆಯನ್ನು ತುಂಬುವುದು ದ್ವಿದಳ ಧಾನ್ಯ, ಏಕೆಂದರೆ ಕಾಳುಗಳಲ್ಲಿ ಲೈಸೀನ್ ಧಾರಾಳವಾಗಿದ್ದು ಮಿಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಕಡಿಮೆ. ಧಾನ್ಯಗಳಲ್ಲಿ ಇದರ ತಿರುವುಮುರುವು.

ಮಂಡ್ಯದ ಕಡೆಯ ಊಟವನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಹೊಂದಾಣಿಕೆ ಸ್ಪಷ್ಟವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅವರೆ, ಅಲಸಂದೆಗಳಲ್ಲಿ 20ರ ಆಸುಪಾಸು. ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ, ಮಾಗಿಯ ಚಳಿಯಲ್ಲಿ ಹಿತಕಿದ ಬೇಳೆಯ ಸಾರು, ಇವೆಲ್ಲ ಒಂದರ ಕೊರತೆಯನ್ನು ಮತ್ತೊಂದು ತುಂಬಿಕೊಡುವ ಊಟಗಳು. ಇದನ್ನು ಹೆಮ್ಮೆಪಟ್ಟುಕೊಳ್ಳಲೆಂದು ಹೇಳುತ್ತಿಲ್ಲ. ತಟ್ಟೆಯಲ್ಲಿ ಮುದ್ದೆ, ಅನ್ನ ಉಳಿದುಕೊಂಡು ಕಾಳು ಕಡಿಮೆಯಾಗುತ್ತಾ ಬಂದ ಮನೆಗಳು ಇಂದು ಬೇಕಾದಷ್ಟಿವೆ. ಸಾರಿನಲ್ಲಿ ಕಾಳನ್ನು ಹುಡುಕಬೇಕಾಗಿ ಬಂದಾಗ ಈ ಜೋಡಿ ಮುರಿದುಬೀಳುತ್ತದೆ. ಸಸ್ಯಜನ್ಯ ಪ್ರೋಟೀನಿನ ಮಾರುಕಟ್ಟೆ ನಿಜವಾಗಿ ಕೆಲಸ ಮಾಡಬೇಕಾದ ಜಾಗ ಇದು.

ಈ ಮಾರುಕಟ್ಟೆಯನ್ನು ಹೊಸದೆಂದು ಬಣ್ಣಿಸುವವರಿಗೆ ಮೈಸೂರಿನ ಇತಿಹಾಸದ ಒಂದು ಭಾಗವನ್ನು ನೆನಪಿಸಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎಂದೇ ಕರೆಯುವ ಸಂಸ್ಥೆ, 1950ರ ಅಕ್ಟೋಬರಿನಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿಯೇ ಅಲ್ಲಿನ ವಿಜ್ಞಾನಿಗಳು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಬೆರೆಸಿ, ಇಂಡಿಯನ್ ಮಲ್ಟಿಪರ್ಪಸ್ ಫುಡ್ ಎಂಬ ಪುಡಿಯನ್ನು ತಯಾರಿಸಿದರು. ಅದರಲ್ಲಿ ಪ್ರೋಟೀನ್ ಶೇ. 40ನ್ನು ಮೀರಿತ್ತು. ಅದನ್ನು ಪ್ರತ್ಯೇಕವಾಗಿ ಕುಡಿಯಬೇಕಿರಲಿಲ್ಲ. ಮನೆಯ ಸಾರಿಗೋ ರೊಟ್ಟಿ ಹಿಟ್ಟಿಗೋ ಒಂದಿಷ್ಟು ಬೆರೆಸಿದರೆ ಸಾಕಿತ್ತು. ಆಮೇಲೆ ಕಡಲೆಕಾಯಿಯ ಪ್ರೋಟೀನನ್ನು ಬೇರ್ಪಡಿಸಿ ಹಾಲಿನೊಂದಿಗೆ ಕೂಡಿಸಿದ ಮಿಲ್ಟೋನ್ ಎಂಬ ಪಾನೀಯವೂ ಇದೇ ಸಂಸ್ಥೆಯಿಂದ ಹೊರಬಂದು ಬೆಂಗಳೂರಿನಲ್ಲಿ ಬಾಟಲಿಗಳಲ್ಲಿ ಮಾರಾಟವಾಯಿತು. ಇಂದು ಓಟ್ಸ್ ಹಾಲು, ಬಾದಾಮಿ ಹಾಲು ಎಂದು ದುಬಾರಿ ಬೆಲೆಗೆ ಕೊಳ್ಳುತ್ತಿರುವ ವಸ್ತುಗಳ ಹಿರಿಯಣ್ಣ ಅದು, ಅದೂ ಬಡವರ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡದ್ದು.

ಇವು ಏಕೆ ಉಳಿಯಲಿಲ್ಲ ಎಂಬುದನ್ನು ಇಂದಿನ ಉದ್ಯಮಿಗಳು ಅರಿಯಬೇಕು. ಕಡಲೆಕಾಯಿಗೆ 1960ರಲ್ಲಿ ದೊಡ್ಡ ಪೆಟ್ಟು ಬಿತ್ತು. ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಕಾರಣ ಹುಡುಕಿದವರಿಗೆ ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿತು. ಅಫ್ಲಟಾಕ್ಸಿನ್ ಎಂದು ಅದಕ್ಕೆ ಹೆಸರಾಯಿತು. ಅಲ್ಲಿಂದಾಚೆಗೆ ಕಡಲೆಕಾಯಿ ಹಿಟ್ಟಿನ ಮೇಲೆ ಅನುಮಾನ ಉಳಿದುಕೊಂಡಿತು, ಪರೀಕ್ಷೆಯ ಖರ್ಚೂ ಸೇರಿಕೊಂಡಿತು. ಇತ್ತ 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿ ಹಾಲಿನ ಅಭಾವವನ್ನೇ ನೀಗಿಸುತ್ತಾ ಹೋದದ್ದರಿಂದ ಹಾಲಿಗೆ ಪೂರಕ ಬೇಕೆಂಬ ಒತ್ತಡವೂ ಇಲ್ಲವಾಯಿತು. ನನ್ನ ಅಭಿಪ್ರಾಯದಲ್ಲಿ ಮೂರನೆಯ ಕಾರಣವೂ ಒಂದಿದೆ. ಆ ಉತ್ಪನ್ನಗಳು ಸರ್ಕಾರದ ಯೋಜನೆಗಳ ಆಸರೆಯಲ್ಲಿದ್ದವೇ ಹೊರತು ದಿನಸಿ ಅಂಗಡಿಯಲ್ಲಿ ತಾವಾಗಿ ಕಾಲೂರಲಿಲ್ಲ.

ದಿನಸಿ ಅಂಗಡಿಯಲ್ಲಿ ಕಾಲೂರಿದ್ದು ಸೋಯಾ. ಮಧ್ಯಪ್ರದೇಶದಲ್ಲಿ 1960ರ ದಶಕದ ಕೊನೆಯಿಂದ ಹರಡಿದ ಈ ಬೆಳೆ ಇಂದು ದೇಶದಲ್ಲಿ ವರ್ಷಕ್ಕೆ 120 ಲಕ್ಷ ಟನ್ನಿನ ಆಸುಪಾಸು ಬೆಳೆಯುತ್ತಿದೆ. ನಮ್ಮ ರಾಜ್ಯದಲ್ಲಿ ಅದರ ನೆಲೆ ಬೀದರ್, ಬೆಳಗಾವಿ, ಧಾರವಾಡದ ಕಡೆ. ಕಾಳಿನಿಂದ ಎಣ್ಣೆ ತೆಗೆದ ಬಳಿಕ ಉಳಿಯುವ ಹಿಟ್ಟನ್ನು ನೀರು ಬೆರೆಸಿ, ಶಾಖ ಒತ್ತಡಗಳಲ್ಲಿ ತಿರುಪಿನ ಯಂತ್ರದ ಮೂಲಕ ಕಿರಿದಾದ ರಂಧ್ರದಿಂದ ಹೊರದೂಡಿದಾಗ ಒಳಗಿನ ನೀರು ಒಮ್ಮೆಗೇ ಆವಿಯಾಗಿ ಹಿಟ್ಟು ಸ್ಪಂಜಿನಂತೆ ಉಬ್ಬುತ್ತದೆ. ಅದೇ ನಮ್ಮ ಮದುವೆ ಮನೆಗಳ ಪಲಾವಿನಲ್ಲಿ, ಹಾಸ್ಟೆಲುಗಳ ಕುರ್ಮಾದಲ್ಲಿ ಸಿಗುವ ಮೀಲ್ ಮೇಕರ್. 100 ಗ್ರಾಂ ಒಣ ಉಂಡೆಗಳಲ್ಲಿ 50 ಗ್ರಾಮಿಗೂ ಮಿಕ್ಕಿ ಪ್ರೋಟೀನ್ ಇದ್ದು, ಗ್ರಾಮಿನ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ ಪ್ರೋಟೀನ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಭಾರತದ ಸಸ್ಯಜನ್ಯ ಪ್ರೋಟೀನ್ ಮಾರುಕಟ್ಟೆಯ ಬಗ್ಗೆ ಬರೆಯುವವರು ಹೊಸ ಕಂಪನಿಗಳ ಹೆಸರುಗಳಲ್ಲೇ ಮುಳುಗಿ, ಹಲವು ದಶಕಗಳಿಂದ ಸದ್ದಿಲ್ಲದೆ ಮನೆಮನೆ ಸೇರಿರುವ ಈ ಪದಾರ್ಥವನ್ನು ಮರೆಯುತ್ತಾರೆ. ಜೊತೆಗೆ ಇನ್ನೊಂದು ಸಂಗತಿ: ದೇಶದ ಸೋಯಾ ಹಿಂಡಿಯ ಬಹುಪಾಲು ಮನುಷ್ಯರ ತಟ್ಟೆಗೆ ನೇರವಾಗಿ ಬರುವುದೇ ಇಲ್ಲ, ಅದು ಕೋಳಿ ಫಾರಂಗಳ ಮೇವಾಗುತ್ತದೆ, ರಫ್ತಾಗುತ್ತದೆ.

ಮಾಂಸದ ರುಚಿ, ನಾರುಗಳನ್ನು ಅನುಕರಿಸುವ ಸಸ್ಯಾಧಾರಿತ ಉತ್ಪನ್ನಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಉದಯಪುರದ ಗುಡ್‌ಡಾಟ್ ಕಂಪನಿ 2016ರಲ್ಲಿ ಬಂತು. 2021, 2022ರ ಸುಮಾರಿಗೆ ಸಿನಿಮಾ ಮತ್ತು ಕ್ರಿಕೆಟ್ ತಾರೆಯರು ಹಣ ಹೂಡಿದ ಕಂಪನಿಗಳೂ ಟಾಟಾದಂಥ ದೊಡ್ಡ ಸಂಸ್ಥೆಗಳೂ ಕಣಕ್ಕಿಳಿದವು. 2022ರಲ್ಲಿಯೇ ಆಹಾರ ಸುರಕ್ಷತಾ ಪ್ರಾಧಿಕಾರವು ವೀಗನ್, ಅಂದರೆ ಹಾಲು ಸೇರಿದಂತೆ ಪ್ರಾಣಿಜನ್ಯವಾದ ಏನೂ ಇಲ್ಲದ, ಆಹಾರಗಳಿಗೆ ಪ್ರತ್ಯೇಕ ನಿಯಮಾವಳಿಯನ್ನು ಪ್ರಕಟಿಸಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಗುಜರಾತಿನ ನಡಿಯಾದಿನಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಸಸ್ಯಾಧಾರಿತ ಮಾಂಸದ ಮೊದಲ ರವಾನೆ ಹೋಯಿತು. ಆದರೂ ಇವುಗಳ ಬೆಲೆ ಕೋಳಿ ಮಾಂಸದ ದುಪ್ಪಟ್ಟನ್ನು ಮೀರುವುದು ಸಾಮಾನ್ಯ. ಶೀತಲ ಪೆಟ್ಟಿಗೆ ಇಲ್ಲದ ಅಂಗಡಿಯಲ್ಲಿ ಇವುಗಳಲ್ಲಿ ಹಲವನ್ನು ಇಡಲಾಗದು. ಮಾಂಸ ತಿನ್ನುವವರಿಗೆ ಕೋಳಿ, ಮೀನು ಅಗ್ಗಕ್ಕೆ ಸಿಗುವಾಗ, ತಿನ್ನದವರಿಗೆ ಮಾಂಸದಂಥ ರುಚಿಯೇ ಬೇಡವಾಗಿರುವಾಗ, ಈ ಸರಕು ಮೈಸೂರು, ಮಂಡ್ಯಗಳಂಥ ಊರುಗಳಲ್ಲಿ ದೊಡ್ಡದಾಗಿ ಹಬ್ಬುತ್ತದೆಂದು ನನಗೆ ತೋರುವುದಿಲ್ಲ. ಅಮೆರಿಕದಲ್ಲಿ ಬಿಯಾಂಡ್ ಮೀಟ್ ಕಂಪನಿಯ ಷೇರು 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಬಿಡುಗಡೆಯಾಗಿ, ಕೆಲವೇ ವಾರಗಳಲ್ಲಿ 200 ಡಾಲರ್ ದಾಟಿ, 2023ರ ಕೊನೆಗೆ 10 ಡಾಲರಿಗಿಂತ ಕೆಳಗಿಳಿದದ್ದನ್ನು ಇಲ್ಲಿನ ಹೂಡಿಕೆದಾರರೂ ನೋಡಿದ್ದಾರೆ.

ನಿಜವಾದ ಬೆಳವಣಿಗೆ ಕಾಣುತ್ತಿರುವುದು ಪುಡಿಗಳಲ್ಲಿ, ಪ್ರೋಟೀನ್ ಬೆರೆಸಿದ ದಿನಬಳಕೆಯ ತಿನಿಸುಗಳಲ್ಲಿ. ನನ್ನ ಕಳವಳವೂ ಇಲ್ಲಿಂದಲೇ ಶುರುವಾಗುತ್ತದೆ. ಇಂಥ ಪುಡಿಗಳ ಹಿಂಬದಿಯನ್ನು ಓದಿದರೆ ಮೊದಲ ಘಟಕಾಂಶವಾಗಿ ಬಟಾಣಿ ಪ್ರೋಟೀನ್ ಐಸೊಲೇಟ್ ಎಂದಿರುವುದು ಬಹಳ ಸಲ ಕಣ್ಣಿಗೆ ಬೀಳುತ್ತದೆ. ಹಳದಿ ಬಟಾಣಿಯನ್ನು ಹಿಟ್ಟು ಮಾಡಿ, ಕ್ಷಾರೀಯ ನೀರಿನಲ್ಲಿ ಕದಡಿ, ಪಿಷ್ಟವನ್ನೂ ನಾರನ್ನೂ ತೆಗೆದು, ಉಳಿದ ದ್ರವಕ್ಕೆ ಆಮ್ಲ ಬೆರೆಸಿ ಪಿಎಚ್ ಅನ್ನು, ಅಂದರೆ ಹುಳಿಯ ಅಳತೆಯನ್ನು, 4.5ರ ಹತ್ತಿರಕ್ಕೆ ಇಳಿಸಿದರೆ ಪ್ರೋಟೀನು ಗರಣೆಗಟ್ಟಿ ತಳ ಸೇರುತ್ತದೆ. ಅದನ್ನು ತೊಳೆದು ಒಣಗಿಸಿದರೆ ಶೇ. 80ರಷ್ಟು ಶುದ್ಧವಾದ ಪ್ರೋಟೀನ್ ಸಿಗುತ್ತದೆ. ತಂತ್ರ ಒಳ್ಳೆಯದೇ. ಆದರೆ ಹಳದಿ ಬಟಾಣಿಯ ದೊಡ್ಡ ಬೆಳೆಗಾರರು ಕೆನಡಾ, ರಷ್ಯಾ ದೇಶದವರು. ನಮ್ಮ ಸರ್ಕಾರವೂ ಬೇಳೆಯ ಬೆಲೆ ತಗ್ಗಿಸಲೆಂದು 2023ರ ಡಿಸೆಂಬರಿನಿಂದ 2025ರ ಅಕ್ಟೋಬರಿನವರೆಗೆ ಹಳದಿ ಬಟಾಣಿಯ ಆಮದನ್ನು ಸುಂಕವಿಲ್ಲದೆ ಬಿಟ್ಟಾಗ, ದ್ವಿದಳ ಧಾನ್ಯಗಳನ್ನು ಜಗತ್ತಿನಲ್ಲೇ ಅತಿ ಹೆಚ್ಚು ಬೆಳೆಯುವ, ಅತಿ ಹೆಚ್ಚು ತಿನ್ನುವ ದೇಶವೇ ಅತಿ ಹೆಚ್ಚು ಕೊಳ್ಳುವ ದೇಶವೂ ಆಗಿ ನಿಂತಿತು. ಅಗ್ಗದ ಆಮದಿನ ಎದುರು ನಮ್ಮ ರೈತರ ಕಡಲೆ, ತೊಗರಿಗೆ ಬೆಲೆ ಹೇಗೆ ನಿಂತೀತು ಎಂಬ ಪ್ರಶ್ನೆ ಕಲಬುರಗಿಯವರಿಗೆ ಎಷ್ಟು ದೊಡ್ಡದೋ ನನ್ನಂಥ ಸಣ್ಣ ತಯಾರಕರಿಗೂ ಅಷ್ಟೇ ದೊಡ್ಡದು.

ಪುಡಿಗಳ ಗುಣಮಟ್ಟದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಶೇ. 70ರಷ್ಟು ಪುಡಿಗಳ ಪೊಟ್ಟಣದ ಮೇಲಿನ ಪ್ರೋಟೀನ್ ಪ್ರಮಾಣ ಒಳಗಿನದಕ್ಕೆ ಹೊಂದುತ್ತಿರಲಿಲ್ಲ. ಅದೇ ವರ್ಷ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿಯು ಮೈಕಟ್ಟಿಗಾಗಿ ಇಂಥ ಪುಡಿಗಳನ್ನು ಸೇವಿಸಬೇಡಿರೆಂದು ಸ್ಪಷ್ಟವಾಗಿ ಹೇಳಿತು. ಪುಡಿ ಮಾರುವವನಾಗಿ ನಾನು ಈ ಎರಡನ್ನೂ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ನಮ್ಮ ಹಿಟ್ಟಿನ ಪೊಟ್ಟಣದ ಮೇಲೆ 100 ಗ್ರಾಮಿನ ಲೆಕ್ಕವನ್ನೇ ಮುದ್ರಿಸುತ್ತೇವೆ, ಪ್ರಯೋಗಾಲಯದ ವರದಿ ಕೇಳಿದವರಿಗೆ ತೋರಿಸುತ್ತೇವೆ.

ಇನ್ನು ಹೊಲದ ವಿಚಾರ. ನಾಗಮಂಗಲ, ಕೆ.ಆರ್. ಪೇಟೆಗಳ ಮಳೆಯಾಶ್ರಿತ ಭೂಮಿಯಲ್ಲಿ ರಾಗಿಯ ಸಾಲುಗಳ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿಡುವುದು ಹಳೆಯ ಪದ್ಧತಿ. ಒಂದೇ ಹೊಲ, ಒಂದೇ ಉಳುಮೆ. ರಾಗಿ ಕೈಕೊಟ್ಟರೆ ಕಾಳು ಉಳಿಯಿತು, ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕವೂ ಸೇರಿತು. ಮುದ್ದೆಯೂ ಸಾರೂ ಒಂದೇ ಹೊಲದಿಂದ ಬರುತ್ತಿದ್ದವು ಎನ್ನಬಹುದು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಂದಿಗೆ ನಮ್ಮ ರಾಗಿಯನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದರಿಂದ ರಾಗಿಯ ಇಳುವರಿ ಬಹುವಾಗಿ ಹೆಚ್ಚಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಚಳಿಗಾಲಕ್ಕೆ ಕಾಯದೆ ಯಾವ ಕಾಲದಲ್ಲಾದರೂ ಹೂ ಬಿಡುವ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಿದೆ. ಆದರೆ ಅಕ್ಕಡಿ ಸಾಲುಗಳು ಮಾತ್ರ ಕಡಿಮೆಯಾಗುತ್ತಲೇ ಇವೆ.

ನಮಗೆ ಹುರುಳಿ, ಅವರೆ ಕೊಡುವ ನಾಗಮಂಗಲದ ಕಡೆಯ ರೈತರೊಬ್ಬರನ್ನು ಈ ಬಗ್ಗೆ ಕೇಳಿದಾಗ ಅವರ ಉತ್ತರದಲ್ಲಿ ಮುಚ್ಚುಮರೆಯೇನೂ ಇರಲಿಲ್ಲ.

“ಅಕ್ಕಡಿ ಬುಟ್ರೆ ರಾಗಿ ಕುಯ್ಯೋ ಮಿಷನ್ನು ಹೊಲಕ್ಕೆ ಇಳಿಯಾಕಿಲ್ಲ ಕಣಣ್ಣ. ಕುಡ್ಲು ಹಿಡಿಯೋಕೆ ಆಳು ಎಲ್ಲವ್ರೆ? ರಾಗಿ ಆದ್ರೆ ಸರ್ಕಾರ ತಗತದೆ. ಅವರೆಯ ಯಾರ್ ತಗತಾರೆ?”

“ಕಾಳು ನಾನು ತಗೋತೀನಲ್ಲ, ಗೌಡ್ರೇ?”

“ನೀವು ತಗತೀರಿ, ಸರಿ. ನೀವೊಬ್ರು ತಗಂಡ್ರೆ ಊರೆಲ್ಲ ಅಕ್ಕಡಿ ಬುಡ್ತದಾ?”

ಅವರ ಮಾತಿನಲ್ಲಿ ಈ ಮಾರುಕಟ್ಟೆಯ ಇಡೀ ಸಮಸ್ಯೆ ಅಡಗಿದೆ. ಕೇಂದ್ರ ಸರ್ಕಾರದ ಬೆಂಬಲ ಬೆಲೆಯ ಪಟ್ಟಿಯಲ್ಲಿರುವ ದ್ವಿದಳ ಧಾನ್ಯಗಳು ಐದು: ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ಹುರುಳಿ, ಅವರೆ, ಅಲಸಂದೆ ಅದರಲ್ಲಿ ಇಲ್ಲ. 2025ರ ಅಕ್ಟೋಬರಿನಲ್ಲಿ ಆರಂಭವಾದ ದ್ವಿದಳ ಧಾನ್ಯ ಸ್ವಾವಲಂಬನೆಯ ಯೋಜನೆಯೂ ಒತ್ತು ಕೊಟ್ಟಿರುವುದು ತೊಗರಿ, ಉದ್ದು, ಮಸೂರಗಳಿಗೆ. ಕಬ್ಬಿಗೆ ನಿಗದಿಯಾದ ದರವಿದೆ, ಭತ್ತ ರಾಗಿಗಳಿಗೆ ಖರೀದಿ ಕೇಂದ್ರಗಳಿವೆ. ನಾಲೆಯ ನೀರು ಬರುವ ಮಂಡ್ಯದ ಗದ್ದೆಯಲ್ಲಿ ರೈತ ಕಬ್ಬು ಬಿಟ್ಟು ಕಾಳು ಬಿತ್ತಲಿ ಎಂದು ನಾನು ಹೇಳಲಾರೆ. ಆದರೆ ನಾಲೆಯಿಲ್ಲದ ಹೊಲದಲ್ಲಿ ಹಿಂಗಾರಿನ ಎರಡು ಮಳೆಗೆ ಬರುವ ಹುರುಳಿಯ ಬೆಲೆಗೆ ಯಾವ ಆಸರೆಯೂ ಇಲ್ಲದಿರುವುದು ಅನ್ಯಾಯ.

ಕಾಳನ್ನು ಇಂದಿನ ಕೊಳ್ಳುಗರಿಗೆ ಒಪ್ಪಿಸುವುದು ಅಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹುರುಳಿಯ ಸಿಪ್ಪೆ ಗಡುಸು. ಹಸಿ ಹಿಟ್ಟಿನಲ್ಲಿ ಒಂದು ಒಗರು ವಾಸನೆ ಇರುತ್ತದೆ. ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಅಂಶಗಳು ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುತ್ತವೆ, ಫೈಟೇಟುಗಳೆಂಬ ಅಂಶಗಳು ಕಬ್ಬಿಣವನ್ನು ಹಿಡಿದಿಡುತ್ತವೆ. ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಗಳಲ್ಲೇ ಇದೆ. ರಾತ್ರಿಯಿಡೀ ನೆನೆಹಾಕಿದ ಹುರುಳಿಯನ್ನು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೆಯ ದಿನ ಬಿಳಿಯ ಮೂತಿ ಕಾಣಿಸುತ್ತದೆ. ಮೊಳಕೆ ಕಾಲಿಂಚು ಬಂದಾಗಲೇ ಹರವಿ ಒಣಗಿಸಬೇಕು. ಉದ್ದವಾಗಲು ಬಿಟ್ಟರೆ ಹಿಟ್ಟು ಕಹಿಯಾಗುತ್ತದೆ. ಆಮೇಲೆ ಬರುವ ಹುರಿಯುವ ಹಂತದಲ್ಲಿ ಕೆಲಸಗಾರರ ಮೂಗೇ ಯಂತ್ರಕ್ಕಿಂತ ದೊಡ್ಡದು. ಡ್ರಮ್ಮು ತಿರುಗುತ್ತಿರುವಾಗ ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ, ಅದು ಇಳಿದು ಕಾಳಿನ ಸಿಪ್ಪೆ ಚಿಟಪಟನೆ ಸೀಳತೊಡಗಿದಾಗ ಘಮ ಬದಲಾಗುತ್ತದೆ. ಅದೇ ಹೊತ್ತಿಗೆ ಉರಿ ಆರಿಸಿ ಕಾಳನ್ನು ಹೊರಸುರಿಯಬೇಕು. ಬೇಗ ತೆಗೆದರೆ ಹಸಿ ವಾಸನೆ ಉಳಿಯುತ್ತದೆ; ತಡವಾದರೆ ಕಮಟುವುದಷ್ಟೇ ಅಲ್ಲ, ಯಾವ ಲೈಸೀನಿಗಾಗಿ ಕಾಳನ್ನು ಬೆರೆಸುತ್ತಿದ್ದೇವೋ ಆ ಲೈಸೀನೇ ಸಕ್ಕರೆಯ ಅಂಶದೊಂದಿಗೆ ಕೂಡಿಕೊಂಡು ದೇಹಕ್ಕೆ ದಕ್ಕದಂತಾಗುತ್ತದೆ. ರಾಗಿಯನ್ನು ಮೊಳಕೆ ಬರಿಸುವುದಕ್ಕೂ ಇಂಥದ್ದೇ ಕಾರಣವಿದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಅಂಬಲಿ ತೆಳ್ಳಗೇ ಇರುತ್ತದೆ, ಪುಟ್ಟ ಹೊಟ್ಟೆಯ ಮಗುವಿಗೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಪೋಷಣೆ ಹೋಗುತ್ತದೆ.

ಹೀಗೆ ತಯಾರಾದ ಹಿಟ್ಟಿನಲ್ಲಿ ಐಸೊಲೇಟಿನಂತೆ ಶೇ. 80 ಪ್ರೋಟೀನ್ ಇರುವುದಿಲ್ಲ. ರಾಗಿ, ಹುರುಳಿ, ಹುರಿಗಡಲೆ, ಕಡಲೆಕಾಯಿ ಸೇರಿದರೂ ಅದು ಶೇ. 16, 18ರ ಸುಮಾರಿಗೆ ನಿಲ್ಲುತ್ತದೆ. ಜಿಮ್ಮಿಗೆ ಹೋಗುವ ಯುವಕರಿಗೆ ಇದು ಕಡಿಮೆ ಎನಿಸುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ, ಬಾಣಂತಿಯರಿಗೆ, ಹಲ್ಲು ಬಿದ್ದು ಕಾಳು ಅಗಿಯಲಾರದ ಹಿರಿಯರಿಗೆ ಇದು ಸಾಕಾಗುತ್ತದೆ. ನಾರಿನಂಶ, ರಾಗಿಯ ಕ್ಯಾಲ್ಸಿಯಂ ಕೂಡ ಜೊತೆಯಲ್ಲೇ ಬರುತ್ತವೆ. ನನ್ನ ಹಿಟ್ಟನ್ನು ಹೆಚ್ಚಾಗಿ ಕೊಳ್ಳುವವರೂ ಈ ಮನೆಗಳವರೇ.

ಐಸೊಲೇಟ್ ಬೇಕೆನ್ನುವವರಿಗೂ ಅದನ್ನು ನಮ್ಮ ಕಾಳಿನಿಂದಲೇ ಕೊಡಲು ಸಾಧ್ಯವಾಗಬೇಕು. ತಂತ್ರಜ್ಞಾನಕ್ಕಾಗಿ ಮೈಸೂರಿನವರು ದೂರ ಹೋಗಬೇಕಾಗಿಲ್ಲ. ಬೇಳೆ ಒಡೆಯುವಾಗ ಆಗುವ ನಷ್ಟ ತಗ್ಗಿಸಲು ಸಣ್ಣ ಬೇಳೆ ಗಿರಣಿಯನ್ನು ರೂಪಿಸಿದ ಸಿಎಫ್‌ಟಿಆರ್‌ಐ ನಮ್ಮೂರಿನಲ್ಲಿದೆ. ಸೈನಿಕರಿಗೆ ಕೆಡದ ಊಟ ಕಟ್ಟಿಕೊಟ್ಟ, ಬಹುಕಾಲ ರಕ್ಷಣಾ ಆಹಾರ ಸಂಶೋಧನಾಲಯ ಎಂದೇ ಹೆಸರಾಗಿದ್ದ ಸಂಸ್ಥೆಯೂ ಇಲ್ಲೇ ಇದೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಚಿಯಾ ಬೀಜವನ್ನು ಸಿಎಫ್‌ಟಿಆರ್‌ಐ ಪರಿಚಯಿಸಿದಾಗ ನಮ್ಮ ಮೈಸೂರು ಸೀಮೆಯ ರೈತರು ಕೆಲವೇ ವರ್ಷಗಳಲ್ಲಿ ಅದನ್ನು ಬೆಳೆದು ತೋರಿಸಿದರು. ಅಪರಿಚಿತ ಬೀಜಕ್ಕೆ ಸಿಕ್ಕ ಆ ಗಮನದ ಅರ್ಧದಷ್ಟು ಹುರುಳಿಗೆ, ಅವರೆಗೆ ಸಿಕ್ಕರೂ ಸಾಕು.

2025ರ ಸೆಪ್ಟೆಂಬರ್ 22ರಿಂದ ಸಸ್ಯಾಧಾರಿತ ಹಾಲಿನ ಪಾನೀಯಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಕೊಳ್ಳುವವರಿಗೆ ಅದು ಅನುಕೂಲ. ಬೆಳೆಯುವವರಿಗೆ ಅನುಕೂಲವಾಗಬೇಕಾದರೆ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸಗಳಿವೆ. ರಾಗಿ ಖರೀದಿ ಕೇಂದ್ರಗಳಲ್ಲಿಯೇ, ಅದೇ ರೈತರಿಂದ, ಹುರುಳಿ ಮತ್ತು ಅವರೆಯನ್ನೂ ಘೋಷಿತ ಬೆಲೆಗೆ ಕೊಳ್ಳಬೇಕು. ಕೊಂಡದ್ದನ್ನು ಅಂಗನವಾಡಿಗಳಿಗೆ, ಶಾಲೆಯ ಬಿಸಿಯೂಟಕ್ಕೆ, ಹಾಸ್ಟೆಲುಗಳಿಗೆ ಆಯಾ ಜಿಲ್ಲೆಯಲ್ಲೇ ಹಂಚಬೇಕು. ಅಕ್ಕಡಿ ಸಾಲಿನ ನಡುವೆಯೂ ಓಡಬಲ್ಲ ಸಣ್ಣ ಕಟಾವು ಯಂತ್ರವನ್ನು ರೂಪಿಸುವ ಹೊಣೆಯನ್ನು ಕೃಷಿ ವಿಶ್ವವಿದ್ಯಾಲಯಗಳಿಗೆ ಒಪ್ಪಿಸಬೇಕು. ನನ್ನ ಮಟ್ಟಿಗೆ, ಈ ಹಿಂಗಾರಿನಿಂದ ನಮ್ಮ ಘಟಕ ಹುರುಳಿ, ಅವರೆಯ ದರವನ್ನು ಬಿತ್ತನೆಗೆ ಮೊದಲೇ ಬರೆದುಕೊಡುತ್ತದೆ. ಕಟಾವಿನ ಹೊತ್ತಿಗೆ ಸಂತೆಯ ಬೆಲೆ ಅದಕ್ಕಿಂತ ಮೇಲೆ ಹೋದರೆ ಮೇಲಿನ ಬೆಲೆಯನ್ನೇ ಕೊಡುತ್ತದೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಕಡೆಯಲ್ಲಿ ಅಕ್ಕಡಿ ಸಾಲು ಬಿತ್ತುವ ಮನಸ್ಸಿರುವ ರೈತರಿದ್ದರೆ, ಮೂಟೆ ಒಂದೇ ಆದರೂ ಸರಿ, ನಾವು ಬಂದು ಕಣದಲ್ಲೇ ತೂಗಿಕೊಳ್ಳುತ್ತೇವೆ.